ನೀಲಿ ದಾರದ ಮಗು

ನಾಯಕರಿಗೆ ನಮ್ಮ ಮಕ್ಕಳ ಮೇಲೆ ಕರುಣೆ ಹುಟ್ಟಿದ್ದು ಒಂದು ಸೋಮವಾರ ಬೆಳಿಗ್ಗೆ. ಅಲ್ಲಿಯವರೆಗೆ ನಮ್ಮ ಮಕ್ಕಳು ಹೇಗೋ ಬದುಕಿಕೊಂಡಿದ್ದವು.

ನಾವು ಇಸ್ತ್ರಿಯವರು. ಊರಿನ ದೊಡ್ಡ ಮನೆಗಳ, ಹೋಟೆಲುಗಳ, ಆಸ್ಪತ್ರೆಗಳ ಬಟ್ಟೆಯೆಲ್ಲ ನಮ್ಮ ಕಾರ್ಖಾನೆಗೆ ಬಂದು ಬೀಳುತ್ತದೆ. ಹಿಂದಿನ ಶೆಡ್ಡಿನಲ್ಲಿ ಗಂಡಸರು ಸೋಡಾ ಹಾಕಿ ಬೇಯಿಸಿ ಒಗೆಯುತ್ತಾರೆ. ಮುಂದಿನ ಉದ್ದನೆಯ ಕೋಣೆಯಲ್ಲಿ ನಾವು ಹೆಂಗಸರು ಸಾಲಾಗಿ ನಿಂತು ಇಸ್ತ್ರಿ ಹಾಕುತ್ತೇವೆ. ಪೆಟ್ಟಿಗೆಯೊಳಗೆ ಕೆಂಡ, ತಲೆಯ ಮೇಲೆ ತಗಡು, ಸುತ್ತ ಹಬೆ. ಬೆಳಿಗ್ಗೆ ನಿಂತರೆ ಸಂಜೆಯವರೆಗೆ ನಿಂತೇ ಇರಬೇಕು. ಕಾಲಿನ ನರ ಹಗ್ಗದ ಹಾಗೆ ಉಬ್ಬುತ್ತದೆ. ನನ್ನ ಬಲಗೈ ಎಡಗೈಗಿಂತ ದಪ್ಪ. ಹೊಸದಾಗಿ ಕೆಲಸಕ್ಕೆ ಸೇರಿದವರು ಅದನ್ನು ನೋಡಿ ನಗುತ್ತಾರೆ, ಒಂದು ವರ್ಷ ಕಳೆದ ಮೇಲೆ ನಗುವುದನ್ನು ನಿಲ್ಲಿಸುತ್ತಾರೆ.

ನಮ್ಮಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಪ್ರತಿ ಮೇಜಿಗೂ ಒಂದು ಬಣ್ಣದ ದಾರ. ಒಗೆದು ಬಂದ ಗಂಟಿಗೆ ಯಾವ ದಾರ ಕಟ್ಟಿದೆಯೋ ಆ ಮೇಜಿನವಳು ಅದನ್ನು ಎತ್ತಿಕೊಳ್ಳಬೇಕು. ಸುಟ್ಟರೂ ಕಳೆದರೂ ಅವಳೇ ಹೊಣೆ. ಹಾಗಾಗಿ ದಾರವೇ ಹೆಸರು. ನಾನು ಹಸಿರಕ್ಕ. ಪಕ್ಕದ ಮೇಜಿನವಳು ನನ್ನ ಸ್ವಂತ ತಂಗಿ, ಅವಳು ನೀಲಿ. ಎದುರಿನವಳು ಹಳದಿ. ಹಿಂದೊಮ್ಮೆ ಯಾರದೋ ಗಂಟನ್ನು ಯಾರೋ ಎತ್ತಿಕೊಂಡು, ಜುಟ್ಟು ಹಿಡಿದು ಜಗಳವಾದಾಗ ಮ್ಯಾನೇಜರು ನಮ್ಮನ್ನೆಲ್ಲ ನಿಲ್ಲಿಸಿ ಅಪ್ಪಣೆ ಕೊಡಿಸಿದ್ದರು.

"ದಾರ ಯಾರದ್ದೋ ಗಂಟು ಅವಳದ್ದು. ನಿಮ್ಮ ಬಾಯಿಮಾತು ನಂಗೆ ಬೇಡ. ದಾರ ನೋಡಿ, ಎತ್ಕೊಳ್ಳಿ, ಬಾಯಿ ಮುಚ್ಕೊಂಡು ಹೋಗಿ."

ಅಷ್ಟು ವರ್ಷಗಳಲ್ಲಿ ಆ ಮನುಷ್ಯ ಆಡಿದ ಮಾತುಗಳಲ್ಲಿ ನಮಗೆ ಉಪಯೋಗಕ್ಕೆ ಬಂದದ್ದು ಇದೊಂದೇ.

ಮಕ್ಕಳಿಗೂ ದಾರವೇ ಗುರುತು. ಹಾಲು ಕುಡಿಯುವ ಕೂಸುಗಳನ್ನು ಬಟ್ಟೆಯ ಬುಟ್ಟಿಯಲ್ಲಿ ಮಲಗಿಸಿ ಮೇಜಿನ ಕೆಳಗೆ ಇಟ್ಟುಕೊಳ್ಳುತ್ತಿದ್ದೆವು. ಬುಟ್ಟಿಗಳೆಲ್ಲ ಒಂದೇ ಥರ. ಗಡಿಬಿಡಿಯಲ್ಲಿ ಒಗೆಯುವವರು ಕೂಸಿನ ಬುಟ್ಟಿಯನ್ನೇ ಎತ್ತಿ ಹಂಡೆಗೆ ಸುರಿದಾರು ಎಂದು ಯಾರೋ ತಮಾಷೆ ಮಾಡಿ ಕೂಸಿನ ಕಾಲಿಗೂ ಮೇಜಿನ ದಾರ ಕಟ್ಟಿದರು. ಆಮೇಲೆ ಅದೇ ಅಭ್ಯಾಸವಾಯಿತು. ಕೂಸು ಅತ್ತರೆ ಪೆಟ್ಟಿಗೆ ಪಕ್ಕಕ್ಕಿಟ್ಟು, ನೆಲಕ್ಕೆ ಕೂತು, ಎದೆಗೆ ಹಾಕಿಕೊಂಡು, ಅದು ಕುಡಿದು ಬಾಯಿ ಬಿಟ್ಟ ಕೂಡಲೇ ಎದ್ದು ಮತ್ತೆ ಕಾಲರು ಒತ್ತುವುದು. ಅದೇನೂ ಸ್ವರ್ಗವಲ್ಲ. ಹಬೆಗೆ ಮಕ್ಕಳ ಮೈಯೆಲ್ಲ ಬೆವರುಸಾಲೆ. ಕೆಂಡದ ಚೂರು ಸಿಡಿದ ಗುರುತು ನನ್ನ ಹಿರಿಮಗನ ಕೆನ್ನೆಯ ಮೇಲೆ ಈಗಲೂ ಇದೆ. ಆದರೆ ಹೊಟ್ಟೆ ತುಂಬಿರುತ್ತಿತ್ತು.

ಆ ಸೋಮವಾರ ನಾಯಕರು ಕಾರ್ಮಿಕರ ಕಷ್ಟಸುಖ ವಿಚಾರಿಸಲು ಬಂದರು. ಹಿಂದೆ ಪತ್ರಿಕೆಯವರು, ಮುಂದೆ ಮ್ಯಾನೇಜರು. ನನ್ನ ಮೇಜಿನ ಹತ್ತಿರ ಬಂದು ಬಗ್ಗಿ ನೋಡಿದರು. ಎದುರಿನ ಮೇಜಿನ ಕೆಳಗೆ ಹಳದಿಯವಳ ಮಗ ಬುಟ್ಟಿಯಲ್ಲಿ ಮಲಗಿ ಕಾಲು ಬಡಿಯುತ್ತಿದ್ದ. ನಾಯಕರು ಕಾಲಿನ ದಾರವನ್ನು ಮುಟ್ಟಿದರು, ಅದೇನು ಎಂದು ಕೇಳಿ ತಿಳಿದುಕೊಂಡರು. ಆಮೇಲೆ ಅವರಿಗೆ ಅಳು ಬಂತು. ನಿಜವಾದ ಅಳುವೇ, ಸುಳ್ಳು ಹೇಳಬಾರದು. ಕಣ್ಣೊರೆಸಿಕೊಂಡ ಕರವಸ್ತ್ರಕ್ಕೆ ಹಿಂದಿನ ದಿನ ನಾನೇ ಇಸ್ತ್ರಿ ಹಾಕಿದ್ದೆ.

"ಕೊಳೆಬಟ್ಟೆಯ ಬುಟ್ಟಿಯಲ್ಲಿ ನಾಳಿನ ನಾಡು ಮಲಗಿದೆ" ಎಂದು ಅವರು ಶಾಸನಸಭೆಯಲ್ಲಿ ಭಾಷಣ ಮಾಡಿದರಂತೆ. ದಾರದ ವಿಷಯವನ್ನೂ ಹೇಳಿದರಂತೆ, ಕೈದಿಗಳಿಗೆ ನಂಬರು ಹಾಕಿದ ಹಾಗೆ ಎಂದು. ಎಲ್ಲರೂ ಮೇಜು ಕುಟ್ಟಿದರಂತೆ. ಶಿಶು ಸಂರಕ್ಷಣಾ ಕಾಯಿದೆ ಒಂದೇ ಏಟಿಗೆ ಪಾಸಾಯಿತು. ಪತ್ರಿಕೆಗಳು ಅವರನ್ನು ಮಕ್ಕಳ ಬಂಧು ಎಂದು ಕರೆದವು.

ಕಾಯಿದೆಗೆ ಎರಡು ಭಾಗ. ಹಾಲು ಕುಡಿಯುವ ಕೂಸುಗಳನ್ನು ಕೆಲಸದ ಜಾಗಕ್ಕೆ ತರಕೂಡದು ಎನ್ನುವುದು ಒಂದು. ಅವಕ್ಕಾಗಿ ಮಾಲೀಕರು ಪಕ್ಕದಲ್ಲೇ ಶಿಶುಮಂದಿರ ಕಟ್ಟಿಸಬೇಕು, ತಾಯಂದಿರು ಕೆಲಸದ ನಡುವೆ ಹೋಗಿ ಹಾಲೂಡಿಸಬಹುದು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಇಟ್ಟಿಗೆ ಬೇಕಿಲ್ಲ, ಸಿಮೆಂಟು ಬೇಕಿಲ್ಲ. ಅದು ಮಾರನೆಯ ದಿನವೇ ಜಾರಿಗೆ ಬಂತು. ಗೇಟಿನಲ್ಲಿ ಬೋರ್ಡು ಹಾಕಿದರು. ಬುಟ್ಟಿಗಳನ್ನು ಎಣಿಸಿ ಒಗೆಯುವ ಶೆಡ್ಡಿಗೆ ಸಾಗಿಸಿದರು. ಎರಡನೆಯದು ಅಡಿಪಾಯದಲ್ಲೇ ಕೂತುಬಿಟ್ಟಿತು.

ಹಳದಿಯವಳು ಮಗನನ್ನು ನೆರೆಮನೆಯ ಮುದುಕಿಯ ಹತ್ತಿರ ಬಿಟ್ಟು ಬರತೊಡಗಿದಳು. ಮುದುಕಿ ಅವನಿಗೆ ಸಕ್ಕರೆ ನೀರು ಕುಡಿಸುತ್ತಿದ್ದಳು. ಪಾಪ, ಅವಳಿಗೆ ಇನ್ನೇನು ಗೊತ್ತು. ನೀರು ಯಾವುದೋ ಏನೋ. ಮಗುವಿಗೆ ಭೇದಿ ಹಿಡಿಯಿತು. ಆ ವಾರ ದಾಟಲಿಲ್ಲ. ನಾಯಕರು ಅತ್ತದ್ದು ಆ ಮಗುವನ್ನು ನೋಡಿಯೇ. ಅದು ಸತ್ತಾಗ ಅಳಲು ಅವರಿಗೆ ಪುರುಸೊತ್ತಿರಲಿಲ್ಲ, ದೂರದ ಊರುಗಳಲ್ಲಿ ಮಕ್ಕಳ ಬಗ್ಗೆ ಭಾಷಣವಿತ್ತು. ಹಳದಿಯವಳು ಮಣ್ಣು ಮಾಡಿ ಬಂದು ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ಮೇಜಿಗೆ ನಿಂತಳು. ಅವಳು ಮಾತಾಡುವುದನ್ನೇ ಬಿಟ್ಟಳು. ನನಗೆ ಅವತ್ತು ಹೊಟ್ಟೆಗೆ ಬಿದ್ದ ಬೆಂಕಿ ಇನ್ನೂ ಆರಿಲ್ಲ.

ಆಮೇಲೆ ನನ್ನ ತಂಗಿ ಹೆತ್ತಳು. ಹೆಣ್ಣುಕೂಸು. ಗಂಡ ಎನ್ನಿಸಿಕೊಂಡವನು ಹಡಗಿನ ಕೆಲಸಕ್ಕೆ ಹೋದವನು ಸಮುದ್ರದಲ್ಲಿದ್ದಾನೋ ದಡದಲ್ಲಿದ್ದಾನೋ ಸುದ್ದಿಯಿಲ್ಲ. ಹಸಿಮೈಯಲ್ಲೇ ಅವಳು ಕೆಲಸಕ್ಕೆ ಬಂದಳು. ಕೂಸನ್ನು ನಮ್ಮ ಅಮ್ಮ ನೋಡಿಕೊಳ್ಳುತ್ತಿದ್ದಳು. ಆ ಕೂಸೋ ಮಹಾ ಹಟಮಾರಿ. ಚಮಚದ ಹಾಲನ್ನು ಉಗುಳುತ್ತಿತ್ತು. ಬಾಟಲಿಯ ಹಾಲು ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು. ಬೆಳಿಗ್ಗೆ ಕುಡಿದದ್ದು, ಮತ್ತೆ ಸಂಜೆ ತಾಯಿ ಬಂದಾಗಲೇ. ದಿನದಿನಕ್ಕೆ ತೊಡೆಯ ಚರ್ಮ ಜೋಲುತ್ತಾ ಬಂತು. ಆಸ್ಪತ್ರೆಯ ನರ್ಸಮ್ಮ ನೋಡಿ, "ಇದಕ್ಕೆ ಔಷಧಿ ಬೇಡ ಕಣಮ್ಮ, ತಾಯಿ ಬೇಕು. ಹೀಗೇ ಬಿಟ್ರೆ ಉಳಿಯಲ್ಲ" ಎಂದಳು.

ಕೂಸಿಗೆ ಹಾಲಿಲ್ಲ. ಇತ್ತ ನನ್ನ ತಂಗಿಯ ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗುತ್ತಿತ್ತು. ಕೈಯೆತ್ತಿ ಪೆಟ್ಟಿಗೆ ತಳ್ಳಿದರೆ ಪ್ರಾಣ ಹೋಗುವಷ್ಟು ನೋವು. ಮಧ್ಯಾಹ್ನಕ್ಕೆ ಬಟ್ಟೆಯೆಲ್ಲ ಒದ್ದೆ. ಗೋಡೆಯ ಮೂಲೆಗೆ ಹೋಗಿ ಹಿಂಡಿ ನೆಲಕ್ಕೆ ಚೆಲ್ಲಿ ಬರುತ್ತಿದ್ದಳು. ಅಲ್ಲಿ ಇರುವೆ ಸಾಲುಗಟ್ಟುತ್ತಿದ್ದವು. ನಾನು ನೋಡಿದ್ದೇನೆ, ಆ ಕಾಯಿದೆಯಿಂದ ಮೈ ತುಂಬಿಕೊಂಡದ್ದು ಇರುವೆಗಳು ಮಾತ್ರ.

ಶಿಶುಮಂದಿರ ಅಷ್ಟರಲ್ಲಿ ಎದ್ದು ನಿಂತಿತ್ತು. ಸುಣ್ಣ ಬಳಿದದ್ದಾಯಿತು. ತೊಟ್ಟಿಲು ಬಂದವು, ಅವುಗಳ ಹಾಸುಬಟ್ಟೆಗೆ ನಾವೇ ಇಸ್ತ್ರಿ ಹಾಕಿದ್ದಾಯಿತು. ನಮ್ಮ ಕಿಟಕಿಯಿಂದ ಕಲ್ಲು ಎಸೆದರೆ ಬೀಳುವಷ್ಟು ಹತ್ತಿರ. ಆದರೆ ಬಾಗಿಲಿಗೆ ಬೀಗ. ನಾಯಕರೇ ಬಂದು ತೆಗೆಯಬೇಕು, ಅವರ ದಿನ ಇನ್ನೂ ಸಿಕ್ಕಿಲ್ಲ.

ನಾನು ಮ್ಯಾನೇಜರ ಹತ್ತಿರ ಹೋದೆ. "ಸಾರ್, ರಿಬ್ಬನ್ನು ಆಮೇಲೆ ಕತ್ತರಿಸ್ಕೊಳ್ಳಲಿ. ಸುಮ್ನೆ ಒಂದು ಮೂಲೇಲಿ ನನ್ನ ತಂಗಿ ಕೂಸನ್ನ ಮಲಗಿಸ್ತೀವಿ."

"ಉದ್ಘಾಟನೆ ಆಗದೆ ಇರೋ ಕಟ್ಟಡದಲ್ಲಿ ಮಗು ಮಲಗಿಸೋಕೆ ಬರುತ್ತಾ? ಹಾಸಿಗೆ ಗಲೀಜಾಗುತ್ತೆ."

"ಮಕ್ಕಳಿಗೋಸ್ಕರ ತಾನೇ ಸಾರ್ ಹಾಸಿಗೆ?"

"ಮೊದಲು ನಾಯಕರಿಗೆ, ಆಮೇಲೆ ಮಕ್ಕಳಿಗೆ" ಎಂದರು. ಅವರು ತಮಾಷೆ ಮಾಡಲಿಲ್ಲ. ಅವರಿಗೆ ತಮಾಷೆ ಬರುವುದಿಲ್ಲ.

ಕೊನೆಗೂ ದಿನ ಗೊತ್ತಾಯಿತು. ಹಿಂದಿನ ದಿನ ನಾಯಕರ ಬಿಳಿ ಅಂಗಿ ಬಂತು, ನೀಲಿ ದಾರ ಕಟ್ಟಿಕೊಂಡು. ನನ್ನ ತಂಗಿ ಗಂಜಿ ಹಾಕಿ ಮೇಜಿನ ಮೇಲೆ ಹರಡಿ ಬಗ್ಗಿದಳು. ಎರಡು ಹನಿ ಬಿತ್ತು. ಹಾಲಿನ ಕಲೆ ಹಸಿಯಾಗಿದ್ದಾಗ ಕಾಣುವುದಿಲ್ಲ, ಮೇಲೆ ಬಿಸಿ ಪೆಟ್ಟಿಗೆ ಹೋದಾಗ ಕಂದಾಗಿ ಎದ್ದುಬರುತ್ತದೆ. ಎದೆಯ ಜೇಬಿನ ಮೇಲೆ ಎರಡು ಕಂದು ಮಚ್ಚೆ. ಮ್ಯಾನೇಜರು ಅದನ್ನು ಎಲ್ಲರೆದುರು ಎತ್ತಿ ಹಿಡಿದರು.

"ಏನಿದು?"

"ಹಾಲು ಸಾರ್."

"ಯಾವ ಹಾಲು?"

ಅವಳು ತಲೆ ತಗ್ಗಿಸಿದಳು. ಒಗೆಯುವ ಶೆಡ್ಡಿನ ಗಂಡಸರು ಬಾಗಿಲಲ್ಲಿ ಬಂದು ನಿಂತಿದ್ದರು.

"ಹಸು ಆಗಿದ್ರೆ ಕೊಟ್ಟಿಗೇಲಿರು, ಇಲ್ಲಿಗ್ಯಾಕೆ ಬರ್ತೀಯ? ನಾಯಕರ ಅಂಗಿ ಮೇಲೆ! ಕಟ್ಕೊಳ್ಳೇ ಅದನ್ನ ಸರಿಯಾಗಿ. ಇನ್ನೊಂದು ಹನಿ ಬಿದ್ರೆ ಗೇಟಿನಾಚೆ."

ಯಾರೋ ಕಿಸಕ್ಕನೆ ನಕ್ಕರು. ನನ್ನ ತಂಗಿ ಅಂಗಿಯನ್ನು ತೆಗೆದುಕೊಂಡು ಹೋಗಿ ಎಲ್ಲರ ಕಣ್ಣೆದುರೇ ಒಗೆದು, ಒಣಗಿಸಿ, ಮತ್ತೆ ಇಸ್ತ್ರಿ ಹಾಕಿದಳು. ಈ ಸಲ ಎದೆಗೆ ಅದೆಷ್ಟು ಬಿಗಿಯಾಗಿ ಬಟ್ಟೆ ಕಟ್ಟಿದ್ದಳೆಂದರೆ ಉಸಿರಾಡುವಾಗ ಹಲ್ಲು ಕಚ್ಚುತ್ತಿದ್ದಳು. ಅಳಲಿಲ್ಲ. ನಾನೇ ಅತ್ತೆ, ಹಬೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಉದ್ಘಾಟನೆಯ ಬೆಳಿಗ್ಗೆ ಅಮ್ಮ ಕೂಸನ್ನು ಎತ್ತಿಕೊಂಡು ನಮ್ಮ ಜೊತೆಯಲ್ಲೇ ಬಂದಳು. ಇವತ್ತು ಹೇಗೂ ಬೀಗ ತೆಗೆಯುತ್ತಾರೆ, ಮೊದಲ ತೊಟ್ಟಿಲಿಗೆ ನಮ್ಮ ಕೂಸೇ ಎಂದು ಅಮ್ಮನಿಗೆ ಖುಷಿ. ಗೇಟಿನವನು ತಡೆದ.

"ಕೂಸು ಒಳಗೆ ಬರೋ ಹಾಗಿಲ್ಲ ಅಜ್ಜಿ. ಬೋರ್ಡು ನೋಡಿ."

"ಇವತ್ತು ಕೂಸುಗಳ ಮನೇದೇ ಅಲ್ವೇನಪ್ಪ ಸಮಾರಂಭ?"

"ಅದಕ್ಕೇ ಅಜ್ಜಿ, ಇವತ್ತು ಇನ್ನೂ ಬಿಗಿ. ಕಾಯಿದೆ ಮಾಡಿದವರೇ ಬರ್ತಿದ್ದಾರೆ."

ಅವನ ತಪ್ಪೇನಿಲ್ಲ, ಹೇಳಿದ್ದನ್ನು ಮಾಡುವವನು. ಅಮ್ಮ ಗೇಟಿನಾಚೆ ಬಿಸಿಲಲ್ಲೇ ಕೂತಳು. ಕೂಸು ಅಳುವುದಕ್ಕೂ ತ್ರಾಣವಿಲ್ಲದೆ ಬೆಕ್ಕಿನ ಮರಿಯ ಹಾಗೆ ಮುಲುಗುತ್ತಿತ್ತು. ನಾವು ಒಳಗೆ ಹೋದೆವು.

ನಮ್ಮ ಕೋಣೆಗೆ ಮ್ಯಾನೇಜರು ಬಂದರು. ಹೊಸ ಬೂಟು ಹಾಕಿಕೊಂಡಿದ್ದರು. ನೇರ ನನ್ನ ತಂಗಿಯ ಮೇಜಿಗೆ ಹೋಗಿ, ಅವಳನ್ನು ನೋಡದೆ, ಉಂಡೆಯಿಂದ ಒಂದು ಮೊಳ ನೀಲಿ ದಾರ ಕಿತ್ತುಕೊಂಡು ಹೋದರು. ಬಾಗಿಲ ಹತ್ತಿರದ ಮೇಜು ಅವಳದು, ಅಷ್ಟೇ ಕಾರಣ. ದಾರ ಯಾಕೆ ಎಂದು ನಮಗೆ ಆಗ ಹೊಳೆಯಲಿಲ್ಲ.

ಅಂಗಳದಲ್ಲಿ ವೇದಿಕೆ. ಮುಂದೆ ಕುರ್ಚಿಗಳು, ಹಿಂದೆ ನಾವು ನಿಂತಿದ್ದೆವು. ನಾಯಕರು ಬೆಳ್ಳಗಿನ ಅಂಗಿಯಲ್ಲಿ ಬಂದು ರಿಬ್ಬನ್ನು ಕತ್ತರಿಸಿ, ಬೀಗ ತೆಗೆದು, ತೊಟ್ಟಿಲುಗಳನ್ನು ತೂಗಿ ನೋಡಿ, ವೇದಿಕೆ ಹತ್ತಿದರು. ಫೋಟೋದವನು, "ಸಾರ್, ಒಂದು ಮಗು ಇದ್ರೆ ಚೆನ್ನಾಗಿತ್ತು" ಎಂದ.

ಮ್ಯಾನೇಜರು ಅದಕ್ಕೆ ತಯಾರಾಗಿಯೇ ಇದ್ದರು. ಕಚೇರಿಯೊಳಗಿನಿಂದ ಒಂದು ಮಗು ಬಂತು. ಗುಂಡುಗುಂಡಾದ ಗಂಡುಮಗು, ಕೆನ್ನೆ ಹಿಂಡಿದರೆ ಹಾಲು ಬರಬೇಕು ಹಾಗೆ. ಮೈಗೆ ಮಾಸಿದ ಹಳೆಯ ಅಂಗಿ ತೊಡಿಸಿದ್ದರು. ಕಾಲಿನಲ್ಲಿ ನೀಲಿ ದಾರ.

ನಮಗೆಲ್ಲ ಅದು ಯಾರೆಂದು ಗೊತ್ತು. ಮ್ಯಾನೇಜರ ಮೊಮ್ಮಗ. ಅದರ ತಾಯಿ, ಅಂದರೆ ಮ್ಯಾನೇಜರ ಮಗಳು, ಕೊನೆಯ ಕುರ್ಚಿಯಲ್ಲಿ ಕೈಕೈ ಹಿಸುಕಿಕೊಳ್ಳುತ್ತಾ ಕೂತಿದ್ದಳು. ನಮ್ಮ ಮಕ್ಕಳು ಸಣಕಲು, ಅಳುತ್ತವೆ, ಫೋಟೋಗೆ ಚೆನ್ನಾಗಿ ಬರುವುದಿಲ್ಲ. ಹಾಗಾಗಿ ಆ ದಿನದ ಮಟ್ಟಿಗೆ ಮ್ಯಾನೇಜರು ತಮ್ಮ ಮೊಮ್ಮಗನನ್ನು ನಮ್ಮ ಜಾತಿಗೆ ಸೇರಿಸಿದ್ದರು.

"ಸಾರ್, ನಮ್ಮ ಕಾರ್ಮಿಕರ ಮಗು. ನೋಡಿ, ತಮ್ಮ ಕಾಯಿದೆ ಬಂದ ಮೇಲೆ ಹೇಗೆ ತುಂಬ್ಕೊಂಡಿದೆ!"

ನಾಯಕರು ಮಗುವನ್ನು ಎತ್ತಿಕೊಂಡರು. ಕಾಲಿನ ದಾರ ಕಂಡು ಅವರ ಮುಖ ಅರಳಿತು. ಮೈಕಿನ ಮುಂದೆ ಹೇಳಿದರು: "ಈ ದಾರ ನನಗೆ ನೆನಪಿದೆ. ಈ ದಾರವೇ ನನ್ನ ನಿದ್ದೆ ಕೆಡಿಸಿದ್ದು. ಈ ಕಂದನ ತಾಯಿ ಇಲ್ಲೇ ಇರಬೇಕಲ್ಲವೇ? ಬಾ ತಾಯಿ, ನಿನ್ನ ಕಂದನನ್ನು ನನ್ನ ಕೈಯಿಂದಲೇ ತೆಗೆದುಕೋ."

ಇದು ಮ್ಯಾನೇಜರ ಲೆಕ್ಕದಲ್ಲಿ ಇರಲಿಲ್ಲ. "ಸಾರ್, ಆಕೆ ಒಳಗೆ ಕೆಲಸದಲ್ಲಿ..." ಎಂದರು.

"ಇಂಥ ದಿನ ಕೆಲಸವೇ? ನೀಲಿ ದಾರ ಯಾರದು?"

ಮ್ಯಾನೇಜರ ಮಗಳು ಅರ್ಧ ಎದ್ದಳು, ಅಪ್ಪ ಕಣ್ಣು ಬಿಟ್ಟ ಕೂಡಲೇ ಕೂತಳು.

"ನಂದು ಸ್ವಾಮಿ."

ನನ್ನ ಪಕ್ಕದಿಂದಲೇ ಬಂದ ದನಿ. ನಾನು ಕೈ ಹಿಡಿದೆ. ಅವಳು ಬಿಡಿಸಿಕೊಂಡು ಹೊರಟಳು. ಕುರ್ಚಿಗಳ ನಡುವೆ ನಡೆದು, ವೇದಿಕೆ ಹತ್ತಿ ಕೈ ಚಾಚಿದಳು. ಅವಳ ಎದೆಯ ಬಟ್ಟೆಯೆಲ್ಲ ಒದ್ದೆಯಾಗಿತ್ತು. ಅದನ್ನು ಕಂಡ ಮೇಲೆ ಅವಳು ತಾಯಿಯಲ್ಲ ಎಂದು ಯಾರು ಹೇಳಿಯಾರು? ನಾಯಕರು ಮಗುವನ್ನು ಕೊಟ್ಟರು. ಫಳ್ ಫಳ್ ಎಂದು ಫೋಟೋ. ಮ್ಯಾನೇಜರ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು, ಅದೂ ಫೋಟೋದಲ್ಲಿ ಬಂದಿದೆ.

"ಮಗು ಹಸಿದಿದೆ ಸ್ವಾಮಿ. ಒಳಗೆ ಕರ್ಕೊಂಡು ಹೋಗಿ ಹಾಲು ಕೊಡ್ಲಾ?"

"ಕೊಡು ತಾಯಿ! ಮತ್ತೆ ಇದನ್ನು ಕಟ್ಟಿಸಿದ್ದು ಯಾರಿಗೆ?"

ಚಪ್ಪಾಳೆಯೋ ಚಪ್ಪಾಳೆ. ನನ್ನ ತಂಗಿ ಮಗುವನ್ನು ಎತ್ತಿಕೊಂಡು ಶಿಶುಮಂದಿರದೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದು ನನಗೆ ಕೇಳಿಸಿತು.

ನಾಯಕರು ಟೀ ಕುಡಿಯಲು ಕಚೇರಿಗೆ ಹೋದರು. ಮ್ಯಾನೇಜರು ಓಡಿ ಬಂದು ಬಾಗಿಲು ತಟ್ಟಿದರು. ಜೋರಾಗಿ ತಟ್ಟುವ ಹಾಗೂ ಇಲ್ಲ.

"ಏಯ್, ತೆಗಿ. ಮಗೂನ ಕೊಡೇ."

ಒಳಗಿನಿಂದ ಸಮಾಧಾನದ ದನಿ. "ಯಾಕ್ ಸಾರ್? ದಾರ ನಂದು."

"ಅದು ನಿನ್ನ ಮಗು ಅಲ್ಲ ಕಣೇ!"

"ಬಾಯಿಮಾತು ಯಾಕ್ ಸಾರ್? ದಾರ ಯಾರದ್ದೋ ಗಂಟು ಅವಳದ್ದು ಅಂತ ನೀವೇ ಅಲ್ವಾ ಹೇಳಿದ್ದು. ನನ್ನ ಮಗು ಅಲ್ಲದಿದ್ರೆ ಹೋಗಿ ನಾಯಕರಿಗೆ ಹೇಳಿ. ಇನ್ನೂ ಟೀ ಕುಡೀತಿರ್ಬೇಕು."

ಮ್ಯಾನೇಜರು ಕಚೇರಿಯ ಕಡೆ ತಿರುಗಿ ನೋಡಿ, ಬಾಗಿಲಿಗೆ ಬಾಯಿ ಹಚ್ಚಿದರು. "ಕೆಲಸದಿಂದ ತೆಗೆದ್ಹಾಕ್ತೀನಿ!"

"ತೆಗೀರಿ. ಆದ್ರೆ ಗೇಟಿನಾಚೆ ನಮ್ಮಮ್ಮ ಕೂತಿದ್ದಾಳೆ, ಅವಳ ಕೈಲಿ ನನ್ನ ಕೂಸಿದೆ. ಅದು ಒಳಗೆ ಬರೋವರೆಗೂ ಇದು ಹೊರಗೆ ಬರಲ್ಲ. ಇವತ್ತು ಮಾತ್ರ ಅಲ್ಲ ಸಾರ್, ದಿನಾ ಬರ್ಬೇಕು. ಎಲ್ಲರದ್ದೂ ಬರ್ಬೇಕು. ಬೀಗದ ಕೈ ನಮ್ಮ ಹತ್ರ ಇರ್ಬೇಕು."

ಮ್ಯಾನೇಜರು ನಮ್ಮ ಕಡೆ ತಿರುಗಿದರು. "ಏನ್ ನೋಡ್ತಾ ನಿಂತಿದೀರಾ? ಹೋಗಿ, ಕೆಲಸ ಮಾಡಿ!"

ಆಗ ಹಳದಿಯವಳು ಮುಂದೆ ಬಂದಳು. ಮ್ಯಾನೇಜರನ್ನು ದಾಟಿ ಹೋಗಿ ಶಿಶುಮಂದಿರದ ಮೆಟ್ಟಿಲ ಮೇಲೆ ಕೂತಳು, ಬಾಗಿಲಿಗೆ ಬೆನ್ನು ಕೊಟ್ಟು. ಎಷ್ಟೋ ತಿಂಗಳ ಮೇಲೆ ಬಾಯಿ ತೆರೆದಳು.

"ನಾನು ಏಳಲ್ಲ. ಏನ್ ಮಾಡ್ಕೋತೀಯೋ ಮಾಡ್ಕೋ."

ನಾನು ಅವಳ ಪಕ್ಕದಲ್ಲಿ ಕೂತೆ. ಆಮೇಲೆ ಎಲ್ಲರೂ. ವರ್ಷಗಟ್ಟಲೆ ನಿಂತ ಕಾಲುಗಳು. ಕೂರುವುದು ಎಷ್ಟು ಸುಖ ಎಂದು ನನಗೆ ಅವತ್ತೇ ಗೊತ್ತಾದದ್ದು. ಮೇಜುಗಳ ಮೇಲೆ ಪೆಟ್ಟಿಗೆಗಳ ಕೆಂಡ ಬೂದಿಯಾಗುತ್ತಿತ್ತು, ನಮಗೇನೂ ಅನ್ನಿಸಲಿಲ್ಲ.

ಕಚೇರಿಯಲ್ಲಿ ಕುರ್ಚಿ ಸರಿದ ಸದ್ದಾಯಿತು. ನಾಯಕರು ಹೊರಡುವ ಹೊತ್ತು. ಹೆಂಗಸರು ಹೀಗೆ ಮೆಟ್ಟಿಲ ಮೇಲೆ ಕೂತದ್ದನ್ನು ಕಂಡರೆ ಯಾಕೆಂದು ಕೇಳದೆ ಬಿಡುವವರಲ್ಲ. ಮ್ಯಾನೇಜರು ಒಮ್ಮೆ ಕಚೇರಿ ನೋಡಿದರು, ಒಮ್ಮೆ ಮಗಳನ್ನು ನೋಡಿದರು. ಆಕೆ ಅಳುತ್ತಾ, "ಅಪ್ಪಾ, ಅವರು ಕೇಳಿದ್ದು ಕೊಟ್ಬಿಡಿ. ಅದೂ ಮಗೂನೇ ಅಲ್ವಾ?" ಎಂದಳು. ಹೊಸ ಬೂಟು ಕಿರ್ ಕಿರ್ ಎನ್ನಿಸುತ್ತಾ ಮ್ಯಾನೇಜರು ಗೇಟಿನ ಕಡೆ ಓಡಿದರು. ಆ ಮನುಷ್ಯ ಓಡಿದ್ದನ್ನು ನಾವು ಕಂಡದ್ದು ಅದೇ ಮೊದಲು.

ಅಮ್ಮ ಕೂಸನ್ನು ಎತ್ತಿಕೊಂಡು ಒಳಗೆ ಬಂದಳು. ಬೀಗದ ಕೈ ಹಳದಿಯವಳ ಕೈಗೆ ಬಂತು. ಒಳಗಿನಿಂದ ಚಿಲಕ ತೆರೆಯಿತು. ಮ್ಯಾನೇಜರ ಮಗಳು ಎಲ್ಲರನ್ನೂ ತಳ್ಳಿಕೊಂಡು ಒಳಗೆ ನುಗ್ಗಿ, ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಮಗ ನನ್ನ ತಂಗಿಯ ಎದೆಗೆ ಬಾಯಿ ಹಾಕಿ ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದ.

"ಹಸಿದಿತ್ತು ತಾಯಿ. ಸುಳ್ಳಲ್ಲ. ಅದೇನು ತಪ್ಪು ಮಾಡಿದೆ?" ಎಂದಳು ನನ್ನ ತಂಗಿ.

ಆಕೆ ತನ್ನ ಮಗುವನ್ನು ಎತ್ತಿಕೊಂಡು ಪಕ್ಕದ ಬೆಂಚಿನ ಮೇಲೆ ಕೂತಳು. ಅಮ್ಮ ನಮ್ಮ ಕೂಸನ್ನು ಕೊಟ್ಟಳು. ಕೂಸಿಗೆ ಬಾಯಿ ತೆರೆಯಲೂ ಶಕ್ತಿಯಿರಲಿಲ್ಲ. ನನ್ನ ತಂಗಿ ಹಿಂಡಿ ತುಟಿಯ ಮೇಲೆ ಹನಿ ಬೀಳಿಸಿದಳು. ಒಂದು ಸಲ ಮುಖ ತಿರುಗಿಸಿತು. ಮತ್ತೆ ಹನಿ ಬೀಳಿಸಿದಳು. ನಾಲಿಗೆ ಆಡಿತು. ಆಮೇಲೆ ಹಿಡಿಯಿತು ನೋಡಿ, ನನ್ನ ತಂಗಿ ನೋವಿಗೆ ಅಯ್ಯೋ ಎಂದಳು, ನಕ್ಕಳು, ಮೊದಲ ಸಲ ಅತ್ತಳು. ಹೊರಗೆ ನಾಯಕರ ಕಾರು ಹೊರಟಿತು.

ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬಂತು. ಮಕ್ಕಳ ಬಂಧು, ಕಾರ್ಮಿಕ ತಾಯಿ ಮತ್ತು ಆಕೆಯ ಮುದ್ದು ಕಂದ. ನಾಯಕರಿಗೆ ಅದು ಎಷ್ಟು ಹಿಡಿಸಿತೆಂದರೆ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಕಾರ್ಖಾನೆಗೆ ಕಳಿಸಿಕೊಟ್ಟರು. ಮ್ಯಾನೇಜರು ಅದನ್ನು ತಮ್ಮ ಕುರ್ಚಿಯ ಹಿಂದೆಯೇ ತೂಗುಹಾಕಬೇಕಾಯಿತು. ನನ್ನ ತಂಗಿಯನ್ನು ಕೆಲಸದಿಂದ ತೆಗೆಯುವ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಅಷ್ಟು ದೊಡ್ಡ ಫೋಟೋ ಇರುವವಳನ್ನು ಹೇಗೆ ತೆಗೆಯುವುದು?

ಈಗ ಆಗಾಗ ಬೇರೆ ಬೇರೆ ಕಡೆಯಿಂದ ದೊಡ್ಡವರು ಶಿಶುಮಂದಿರ ನೋಡಲು ಬರುತ್ತಾರೆ. ಬಂದವರು ಫೋಟೋದ ಆ ಮಗು ಎಲ್ಲಿ ಎಂದು ಕೇಳುತ್ತಾರೆ. ಮ್ಯಾನೇಜರು ಮನೆಗೆ ಆಳು ಕಳಿಸಿ ಮೊಮ್ಮಗನನ್ನು ತರಿಸುತ್ತಾರೆ. ಮಾಸಿದ ಅಂಗಿ ತೊಡಿಸುತ್ತಾರೆ. ಆಮೇಲೆ ನಮ್ಮ ಕೋಣೆಗೆ ಬಂದು, ನನ್ನ ತಂಗಿಯ ಮೇಜಿನ ಮುಂದೆ ನಿಂತು, "ಒಂದು ಚೂರು ದಾರ ಕೊಡಮ್ಮ" ಎಂದು ಕೇಳುತ್ತಾರೆ. ಹೌದು, ಈಗ ಕೇಳುತ್ತಾರೆ. ಅವಳು ಕಾಲರು ಒತ್ತಿ ಮುಗಿಸಿ, ಪೆಟ್ಟಿಗೆ ಪಕ್ಕಕ್ಕಿಟ್ಟು, ನಿಧಾನವಾಗಿ ಕತ್ತರಿಸಿ ಕೊಡುತ್ತಾಳೆ.

ಹಳದಿಯವಳ ಮಗನ ಫೋಟೋ ಯಾರೂ ತೆಗೆದಿಲ್ಲ. ಬೀಗದ ಕೈ ಅವಳ ಕೊರಳಲ್ಲಿದೆ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುವವಳು ಅವಳೇ. ನನ್ನ ತಂಗಿಯ ಕೂಸಿನ ಫೋಟೋವೂ ಎಲ್ಲೂ ಇಲ್ಲ. ಅದಕ್ಕೆ ಅದು ಬೇಕಾಗಿಯೂ ಇಲ್ಲ. ಅದು ಒಳಗಿದೆ.